ಒಂಬತ್ತು ಎಕರೆ ತೋಟ, ಏಳು ವರ್ಷದ ಮಳೆ: ಮೂಡಿಗೆರೆ ಕಡೆಯ ಒಂದು ಪ್ರಕರಣ

ನಮ್ಮ ದೊಡ್ಡಪ್ಪನ ಹತ್ತಿರ ಒಂದು ಮಳೆ ಪುಸ್ತಕ ಇದೆ. ಕಾಫಿ ಸೀಮೆಯ ಹಳೆ ತೋಟದ ಮನೆಗಳಲ್ಲಿ ಇರುವಂಥದ್ದೇ. ಬೆಳಿಗ್ಗೆ ಎದ್ದು ಕಣದ ಮೂಲೆಯ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ಎಷ್ಟು ಇಂಚು, ಎಷ್ಟು ಸೆಂಟು ಅಂತ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಪಕ್ಕದಲ್ಲಿ ಒಂದೆರಡು ಮಾತು: "ಹೂ ಬಿಡ್ತು", "ಕರೆಂಟಿಲ್ಲ", "ಕೊಯ್ಲು ನಿಲ್ಲಿಸಿದ್ದು". 2018ರಲ್ಲಿ ತೋಟದ ಲೆಕ್ಕ ನೋಡುವ ಕೆಲಸ ನನಗೆ ಬಂತು. ಅದರ ಜೊತೆಗೆ ಆ ಪುಸ್ತಕವೂ ಬಂತು.

ವರ್ಷದ ಒಟ್ಟು ಮಳೆ ಕೂಡಿಸಿ ನೋಡಿದರೆ ದೊಡ್ಡ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ, ಅದು ಮೊದಲಿಂದಲೂ ಇತ್ತು. ತಾರೀಖು ನೋಡಬೇಕು. ಬರಬೇಕಾದ ವಾರದಲ್ಲಿ ಖಾಲಿ, ಬರಬಾರದ ವಾರದಲ್ಲಿ ಇಂಚುಗಟ್ಟಲೆ. ಹದಿನೈದು ದಿನ ಹಂಚಿಕೊಂಡು ಬರುತ್ತಿದ್ದದ್ದು ಮೂರು ದಿನದಲ್ಲಿ ಸುರಿದು ಹೋಗಿದೆ. ಆದರೆ ಈ ತೋಟಕ್ಕೆ ಆದ ನಷ್ಟವನ್ನೆಲ್ಲ ಮಳೆಯ ತಲೆಗೆ ಕಟ್ಟುವುದು ಸರಿಯಲ್ಲ ಅಂತ ನನಗೆ ನಿಧಾನವಾಗಿ ಗೊತ್ತಾಯಿತು. ಒಂದು ತೊಂದರೆಗೆ ಅಂತ ನಾವು ಮಾಡಿಕೊಂಡ ಪರಿಹಾರವೇ ಮುಂದಿನ ತೊಂದರೆಗೆ ಬಾಗಿಲು ತೆಗೆಯಿತು, ಅದೂ ಒಂದು ಸಲ ಅಲ್ಲ, ಸಾಲಾಗಿ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ತೋಟ ಇರುವುದು ಮೂಡಿಗೆರೆ ತಾಲ್ಲೂಕಿನ ಘಟ್ಟದಂಚಿನಲ್ಲಿ. ಮೇಲೆ ಗುಡ್ಡ, ಕೆಳಗೆ ಹಳ್ಳ. ಹಳ್ಳದ ನೀರು ಹೋಗಿ ಸೇರುವುದು ಹೇಮಾವತಿಗೆ. ಆ ಹೊಳೆ ಹುಟ್ಟುವುದೂ ಇದೇ ತಾಲ್ಲೂಕಿನ ಜಾವಳಿ ಹತ್ತಿರ. ಒಂಬತ್ತು ಎಕರೆಯಲ್ಲಿ ಆರು ಎಕರೆ ರೋಬಸ್ಟಾ ಕಾಫಿ, ಎರಡು ಎಕರೆ ಅರೇಬಿಕಾ ಕಾಫಿ, ಉಳಿದದ್ದು ಕಣ, ಮನೆ, ಕೆಲಸದವರು ಇರುವ ಲೈನ್ ಮನೆ, ಸ್ವಲ್ಪ ಅಡಿಕೆ. ಮರಗಳ ಮೇಲೆ ಮೆಣಸಿನ ಬಳ್ಳಿ.

ಮೊದಲು ಇದು ಪೂರ್ತಿ ಅರೇಬಿಕಾ ತೋಟ

ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದರು ಅನ್ನುತ್ತಾರಲ್ಲ, ಅದು ಅರೇಬಿಕಾ. ಅದಕ್ಕೆ ತಂಪು ಬೇಕು. 15ರಿಂದ 25 ಡಿಗ್ರಿ ಒಳಗೆ ಇದ್ದರೆ ಹಾಯಾಗಿರುತ್ತದೆ. ಮೇಲೆ ಹಲಸು, ಅತ್ತಿ, ಬಸರಿ, ನೇರಳೆ, ಹೊನ್ನೆಯಂಥ ದೊಡ್ಡ ಮರ, ಕೆಳಗೆ ಹಾಲುವಾಣ, ಹೀಗೆ ಎರಡು ಅಂತಸ್ತಿನ ನೆರಳು ಹಳಬರು ಬಿಟ್ಟಿದ್ದರು. ದೊಡ್ಡಮ್ಮ ಮದುವೆಯಾಗಿ ಬಂದಾಗ ಮಧ್ಯಾಹ್ನ ತೋಟದೊಳಗೆ ಹೋದರೆ ಚಳಿ ಹತ್ತುತ್ತಿತ್ತಂತೆ.

ಆಮೇಲೆ ಬೋರರ್ ಕಾಟ ಶುರುವಾಯಿತು. ಬಿಳಿ ಕಾಂಡ ಕೊರಕ. ಒಂದು ಚಿಕ್ಕ ದುಂಬಿ, ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ, ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ, ಎಲೆ ಹಳದಿಯಾದಾಗಲೇ ನಮಗೆ ಗೊತ್ತಾಗುವುದು. ಅಷ್ಟರಲ್ಲಿ ಗಿಡ ಹೋಗಿರುತ್ತದೆ. ಈ ದುಂಬಿಗೆ ಬಿಸಿಲು ಅಂದರೆ ಇಷ್ಟ. ನೆರಳು ತೆಳುವಾದ ಕಡೆ, ಚಳಿಗಾಲದಲ್ಲೂ ಬಿಸಿಲು ಚುರುಕಾಗಿರುವ ಕಡೆ ಜಾಸ್ತಿ ಹಾರಾಡುತ್ತದೆ. ಏಪ್ರಿಲ್, ಮೇ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು ಸಲ. ಕಾಂಡ ಉಜ್ಜಿ ಸುಣ್ಣ ಹೊಡೆಯುವುದು, ವಾಸನೆಗೆ ದುಂಬಿ ಬಂದು ಬೀಳುವ ಮೋಹಕ ಬಲೆ ಕಟ್ಟುವುದು, ಹಿಡಿದ ಗಿಡ ಕಿತ್ತು ಸುಡುವುದು, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಹೇಳುವ ಈ ಕೆಲಸಗಳೆಲ್ಲ ಸರಿಯಾದವೇ. ಆದರೆ ಒಂದೊಂದು ಗಿಡದ ಹತ್ತಿರ ಕೂತು ಮಾಡುವ ಕೆಲಸ, ಆಳು ಬೇಕು. ಆಳು ಸಿಗಲಿಲ್ಲ.

ಹಾಗಾಗಿ ದೊಡ್ಡಪ್ಪ ಊರಲ್ಲಿ ಎಲ್ಲರೂ ಮಾಡಿದ್ದನ್ನೇ ಮಾಡಿದರು. ಆರು ಎಕರೆ ಅರೇಬಿಕಾ ತೆಗೆದು ರೋಬಸ್ಟಾ ಹಾಕಿದರು. ರೋಬಸ್ಟಾಕ್ಕೆ ಈ ಬೋರರ್ ಹಿಡಿಯುವುದಿಲ್ಲ, ಸೆಕೆಯನ್ನೂ ಸ್ವಲ್ಪ ತಡೆಯುತ್ತದೆ, ಇಳುವರಿಯೂ ಜಾಸ್ತಿ. ಆದರೆ ಅದಕ್ಕೆ ಬೆಳಕು ಬೇಕು. ಬೆಳಕಿಗೆ ಅಂತ ಹಳೆ ಮರ ಕಡಿದರು. ಮೆಣಸು ಹಬ್ಬಿಸಲು ಸಿಲ್ವರ್ ಓಕ್ ನೆಟ್ಟರು. ಅದು ಆಸ್ಟ್ರೇಲಿಯಾದ ಮರ, ನೆಟ್ಟಗೆ ಕಂಬದ ಹಾಗೆ ಬೆಳೆಯುತ್ತದೆ, ಮಾರಲು ತೊಂದರೆ ಇಲ್ಲ. ನೆರಳು ಮಾತ್ರ ಹಲಸಿನ ಮರದ ನೆರಳಲ್ಲ. ಹೊಸ ಪಟ್ಟೆಗೆ ಜೀಪು ಹೋಗಲಿ ಅಂತ ಗುಡ್ಡದ ಬುಡ ಸೀಳಿ ಜೆಸಿಬಿಯಲ್ಲಿ ದಾರಿಯನ್ನೂ ಮಾಡಿಸಿದರು. ಆಗ ಯಾರಿಗೂ ಇದು ತಪ್ಪು ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ, ಆ ಜೀಪಿನಲ್ಲಿ ನಾನೂ ಖುಷಿಯಿಂದ ಓಡಾಡಿದ್ದೇನೆ.

ಆಶ್ಲೇಷ ಮಳೆ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ಆಗಲೇ ಇತ್ತ ಶಿರಾಡಿ ಘಾಟ್ ಕುಸಿಯಿತು, ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರೈಲು ಒಂದು ತಿಂಗಳಿಗೂ ಜಾಸ್ತಿ ನಿಂತಿತು. ನಮ್ಮ ತೋಟದಲ್ಲಿ ಆ ವರ್ಷ ಕೊಳೆರೋಗ ಬಂತು, ಕಾಯಿ ಉದುರಿತು, ಅಷ್ಟೇ. ಕೊಳೆರೋಗ ಅನ್ನುವ ನಮ್ಮ ಮಾತೇ ಹೋಗಿ ಆ ಶಿಲೀಂಧ್ರದ ಹಳೆಯ ಶಾಸ್ತ್ರೀಯ ಹೆಸರಿನಲ್ಲಿ ಸೇರಿತ್ತು. ಅಷ್ಟು ಹಳೆಯ ರೋಗ ಅದು, ಹೊಸದೇನಲ್ಲ. ಆದರೆ ಮೊದಲು ಜಡಿಮಳೆಯ ನಡುವೆ ಒಂದೆರಡು ದಿನ ಬಿಸಿಲು ಹಣಕುತ್ತಿತ್ತು, ಗಿಡ ಆರುತ್ತಿತ್ತು. ಆ ಬಿಡುವು ಸಿಗಲಿಲ್ಲ.

ಪೆಟ್ಟು ಬಿದ್ದದ್ದು 2019ರಲ್ಲಿ. "ಆಶ್ಲೇಷ ಮಳೆ ಈಸಲಾರದ ಹೊಳೆ" ಅಂತ ಗಾದೆ ಇದೆ. ಆಗಸ್ಟ್ ಎರಡನೇ ವಾರ ಅದೇ ಆಯಿತು. ಚಾರ್ಮಾಡಿ ಘಾಟ್ ಹಲವು ಕಡೆ ಕುಸಿದು ಸಂಚಾರ ನಿಂತಿತು. ಮಲೆಮನೆ, ಮಧುಗುಂಡಿ ಕಡೆ ಮನೆ, ಗದ್ದೆ, ತೋಟ ಮಣ್ಣಿನಡಿ ಹೋದವು. ನಮ್ಮಲ್ಲಿ ಆ ದಿನಗಳಲ್ಲಿ ದೊಡ್ಡಪ್ಪ ದಿನಕ್ಕೆ ಮೂರು ಸಲ ಮಾಪಕ ಖಾಲಿ ಮಾಡಿದ್ದಾರೆ, ತುಂಬಿ ಹೊರಗೆ ಹೋಗಬಾರದು ಅಂತ. ಒಂದು ರಾತ್ರಿ ಗುಡ್ಡದ ಕಡೆಯಿಂದ ಲಾರಿ ಮಣ್ಣು ಸುರಿದ ಹಾಗೆ ಸದ್ದು. ಬೆಳಿಗ್ಗೆ ನೋಡಿದರೆ ಜೀಪು ದಾರಿಯ ಮೇಲಿನ ಮುಕ್ಕಾಲು ಎಕರೆ, ಗಿಡ, ಸಿಲ್ವರ್ ಓಕ್, ಮೆಣಸಿನ ಬಳ್ಳಿ ಸಮೇತ ಕೆಳಗೆ ಬಂದು ಹಳ್ಳದಲ್ಲಿ ಕೂತಿತ್ತು. ಲೈನ್ ಮನೆಯ ಒಂದು ಗೋಡೆ ಬಿರುಕು ಬಿಟ್ಟಿತ್ತು. ಅಲ್ಲಿದ್ದ ಸಂಸಾರವನ್ನು ಹಿಂದಿನ ಸಂಜೆಯೇ ದೊಡ್ಡಮ್ಮ ಗೋದಾಮಿಗೆ ಕರೆಸಿಕೊಂಡಿದ್ದರು. ಅದಕ್ಕೇ ಜೀವಕ್ಕೆ ಏನೂ ಆಗಲಿಲ್ಲ.

ಮುಖ್ಯ ವಿಷಯ ಇದು: ಅದೇ ಗುಡ್ಡದಲ್ಲಿ, ಅದೇ ಇಳಿಜಾರಿನಲ್ಲಿ, ಹಳೆ ಮರ ಉಳಿದಿದ್ದ ಕಡೆ ಒಂದು ಬುಟ್ಟಿ ಮಣ್ಣೂ ಜಾರಲಿಲ್ಲ. ಜಾರಿದ್ದು ಬುಡ ಸೀಳಿದ ಜಾಗ. ಅದರ ಮೇಲೆ ನೀರು ಇಂಗಲಿ ಅಂತ ಸಾಲು ಸಾಲಾಗಿ ತೊಟ್ಟಿಲುಗುಂಡಿ ತೆಗೆಸಿದ್ದೆವು. ಬೇಸಿಗೆಗೆ ಒಳ್ಳೆಯದು ಅಂತ ಮಾಡಿದ್ದು. ಕಡಿದಾದ ಇಳಿಜಾರಿನಲ್ಲಿ ಅಷ್ಟು ನೀರು ಒಳಗೆ ಹೋದರೆ ಮಣ್ಣು ಭಾರವಾಗುತ್ತದೆ, ಅಡಿಯ ಕಲ್ಲಿನ ಹಿಡಿತ ಬಿಡುತ್ತದೆ. ಕೆಳಗೆ ಆನಿಸಿಕೊಳ್ಳಲು ಮಣ್ಣೇ ಇಲ್ಲ, ದಾರಿಗೆ ಅಂತ ನಾವೇ ತೆಗೆದಿದ್ದೇವೆ. ಬೇರೂ ಇಲ್ಲ.

ಹಾಗಾದರೆ ಹವಾಮಾನ ಬದಲಾವಣೆಯ ಪಾತ್ರ ಏನು? ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಸುಟ್ಟು, ಕಾಡು ಕಡಿದು, ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. 2024ರಲ್ಲಿ ಭೂಮಿಯ ಸರಾಸರಿ ಬಿಸಿ, ಕಾರ್ಖಾನೆಗಳ ಕಾಲಕ್ಕೆ ಮೊದಲಿದ್ದದ್ದಕ್ಕಿಂತ 1.5 ಡಿಗ್ರಿ ಮೀರಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ನೀರಾವಿ ಹಿಡಿಯಬಲ್ಲದು. ಅರಬ್ಬಿ ಸಮುದ್ರವೂ ಬಿಸಿಯಾಗಿದೆ. ಆ ಗಾಳಿ ನೇರ ಬಂದು ಬಡಿಯುವುದು ನಮ್ಮ ಘಟ್ಟಕ್ಕೆ. ಹಿಡಿದಿಟ್ಟುಕೊಂಡದ್ದನ್ನು ಸುರಿದಾಗ ಒಮ್ಮೆಗೇ ಸುರಿಯುತ್ತದೆ, ಆಮೇಲೆ ದಿನಗಟ್ಟಲೆ ಏನೂ ಇಲ್ಲ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತಲ್ಲ, ಆ ದಿನದ ಮಳೆಯನ್ನು ಪರಿಶೀಲಿಸಿದ ವಿಜ್ಞಾನಿಗಳು ಹವಾಮಾನ ಬದಲಾವಣೆಯಿಂದ ಅದರ ರಭಸ ಸುಮಾರು 10 ಶೇಕಡಾ ಹೆಚ್ಚಾಗಿತ್ತು ಅಂದರು. ಹತ್ತು ಅಂದರೆ ಕಡಿಮೆ ಅನ್ನಿಸಬಹುದು. ಆದರೆ ತುಂಬಿ ಅಂಚಿಗೆ ಬಂದ ಕೊಡಕ್ಕೆ ಇನ್ನೊಂದು ಚೊಂಬು ಸುರಿದರೆ ಹೊರಗೆ ಚೆಲ್ಲುವುದು ಆ ಚೊಂಬಿನ ನೀರೇ ಅಲ್ವಾ. ನಮ್ಮ ತೋಟದಲ್ಲಿ ಕೊಡವನ್ನು ಅಂಚಿನವರೆಗೆ ತುಂಬಿಸಿ ಇಟ್ಟವರು ನಾವು.

ಕಣದಲ್ಲಿ ಕಾಫಿ, ಗಿಡದಲ್ಲಿ ಹೂ

2021ರ ಜನವರಿ. ಸಂಕ್ರಾಂತಿ ಹೊತ್ತಿಗೆ ಕಾಫಿ ಸೀಮೆಯಲ್ಲಿ ಆಕಾಶ ಗಾಜಿನ ಹಾಗಿರಬೇಕು. ಆ ವರ್ಷ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಕಡೆ ಮಳೆ ಹೊಡೆಯಿತು. ಕಣದಲ್ಲಿ ಅರ್ಧ ಒಣಗಿದ ಕಾಫಿ. ಟಾರ್ಪಾಲು ಹಾಕಿದೆವು. ಹಾಕಿದರೆ ಅಡಿಯಲ್ಲಿ ಬೆವೆತು ಬೂಸ್ಟು, ತೆಗೆದರೆ ಮಳೆ. ಕಪ್ಪಾದ ಕಾಫಿಗೆ ವ್ಯಾಪಾರಿ ಕೊಡುವ ಬೆಲೆ ಬೇರೆ.

ಅದು ಕಣ್ಣಿಗೆ ಕಾಣುವ ನಷ್ಟ. ಇನ್ನೊಂದು ಇದೆ, ತೋಟ ಇಲ್ಲದವರಿಗೆ ಹೇಳದೆ ಅರ್ಥವಾಗುವುದಿಲ್ಲ. ರೋಬಸ್ಟಾ ಮೊಗ್ಗು ಒಣಹವೆಯಲ್ಲಿ ನಿದ್ದೆ ಹೋಗಿರುತ್ತದೆ. ಫೆಬ್ರವರಿ ಕೊನೆಗೋ ಮಾರ್ಚ್‌ನಲ್ಲೋ ಒಂದು ಇಂಚಿಗೆ ಕಡಿಮೆ ಇಲ್ಲದ ಮಳೆ ಬಿದ್ದರೆ ಎಚ್ಚರವಾಗಿ, ಏಳೆಂಟು ದಿನಕ್ಕೆ ಇಡೀ ತೋಟ ಬೆಳ್ಳಗೆ ಹೂ ಬಿಡುತ್ತದೆ. ಅದೇ ಹೂಮಳೆ. ಇಪ್ಪತ್ತು ದಿನದ ಆಸುಪಾಸಿನಲ್ಲಿ ಇನ್ನೊಂದು ಮಳೆ ಬೇಕು, ಕಚ್ಚಿದ ಕಾಯಿ ನಿಲ್ಲಲಿಕ್ಕೆ. ಜನವರಿಯಲ್ಲೇ ಮಳೆ ಬಿದ್ದರೆ ಮೊಗ್ಗಿಗೆ ಮಾರ್ಚ್ ಅಂತಲೇ ಲೆಕ್ಕ. ಹಣ್ಣು ಗಿಡದ ಮೇಲಿರುವಾಗಲೇ ಹೂ ಬಂತು. ಈಗ ಹಣ್ಣು ಕೊಯ್ದರೆ ಹೂ ಉದುರುತ್ತದೆ, ಅಂದರೆ ಮುಂದಿನ ವರ್ಷದ ಬೆಳೆ ಉದುರುತ್ತದೆ. ಕೊಯ್ಯದೆ ಬಿಟ್ಟರೆ ಹಣ್ಣು ನೆಲಕ್ಕೆ. ನಾವು ಹತ್ತು ದಿನ ಕೊಯ್ಲು ನಿಲ್ಲಿಸಿದೆವು. ಆ ಹತ್ತು ದಿನ ಕೊಯ್ಲಿನವರಿಗೆ ಕೂಲಿ ಇಲ್ಲ. ಕೆಲವರು ಬೇರೆ ಕಡೆ ಹೊರಟೇ ಹೋದರು, ಅವರನ್ನು ತಪ್ಪು ಅನ್ನುವ ಹಾಗಿಲ್ಲ. ಹವಾಮಾನದ ನಷ್ಟ ಅಂತ ಮಾತಾಡುವಾಗ ನಾವು ತೋಟದವರ ಲೆಕ್ಕ ಮಾತ್ರ ಬರೆಯುತ್ತೇವೆ. ದಿನಗೂಲಿಯವರ ಈ ಕಳೆದ ದಿನಗಳನ್ನು ಯಾವ ಪುಸ್ತಕವೂ ಬರೆದಿಡುವುದಿಲ್ಲ. ಅದೇ ವರ್ಷ ನವೆಂಬರ್‌ನಲ್ಲೂ ಮಳೆ ಬಿಡಲಿಲ್ಲ, ಅರೇಬಿಕಾ ಹಣ್ಣು ಗಿಡದಲ್ಲೇ ಒಡೆಯಿತು.

ನೀರಿನ ಲೆಕ್ಕ

ಹೂಮಳೆಯನ್ನು ನಂಬಿ ಕೂರಲು ಆಗುವುದಿಲ್ಲ ಅಂತ ಅಷ್ಟರಲ್ಲಿ ಪಂಪು, ಸ್ಪ್ರಿಂಕ್ಲರ್ ತಂದಿದ್ದೆವು. ಹಳ್ಳದ ನೀರು, ಡೀಸೆಲ್ ಪಂಪು. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ ಲೀಟರ್. ಹೂವಿಗೆ ಒಂದೂವರೆ ಇಂಚಾದರೂ ಕೊಡಬೇಕು. ಆರು ಎಕರೆಗೆ 9 ಲಕ್ಷ ಲೀಟರ್. ಕಾಯಿ ನಿಲ್ಲಲು ಮತ್ತೊಂದು ಸಲ. ಹಳ್ಳದ ಉದ್ದಕ್ಕೂ ಇರುವ ಎಲ್ಲ ತೋಟಗಳಿಗೂ ಇದು ಬೇಕಾಗುವುದು ಒಂದೇ ವಾರದಲ್ಲಿ.

2023ರಲ್ಲಿ ಮುಂಗಾರು ಕೈಕೊಟ್ಟಿತು. ಆ ಆಗಸ್ಟ್ ದೇಶಕ್ಕೇ 1901ರಿಂದ ಈಚೆಗಿನ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಬಂದವು. ಮಲೆನಾಡಿಗೂ ಬರ ಅಂದರೆ ನಮ್ಮ ಅಜ್ಜ ನಂಬುತ್ತಿರಲಿಲ್ಲ. 2024ರ ಮಾರ್ಚ್‌ಗೆ ಹಳ್ಳ ನೂಲಿನ ಹಾಗೆ ಹರಿಯುತ್ತಿತ್ತು. ಹೂಮಳೆ ಇಲ್ಲ. ನಾವು ಪಂಪು ಹಾಕಿದೆವು. ಎರಡನೇ ದಿನ ಕೆಳಗಿನ ಮನೆಯವರು ಬಂದರು, ಜಗಳಕ್ಕೆ ಬಂದದ್ದಲ್ಲ, ಕೊಡ ಹಿಡಿದುಕೊಂಡೇ ಬಂದಿದ್ದರು. ದೊಡ್ಡಪ್ಪ "ಇನ್ನೆರಡು ಎಕರೆ ಇದೆ, ಇವತ್ತು ರಾತ್ರಿಗೆ ಮುಗಿಯುತ್ತೆ" ಅಂದರು. ದೊಡ್ಡಮ್ಮ ಹೋಗಿ ಪಂಪು ಆಫ್ ಮಾಡಿ ಬಂದರು. "ಅವರಿಗೆ ಕುಡಿಯೋಕೆ ನೀರಿಲ್ಲ, ನಮ್ಮ ಗಿಡಕ್ಕೆ ಹೂ ಬೇಕಾ? ಆ ಎರಡು ಎಕರೆ ಹೋಗ್ಲಿ ಬಿಡಿ" ಅಂದರು.

ಆ ಎರಡು ಎಕರೆಯಲ್ಲಿ ಮೊಗ್ಗು ಅರೆಬರೆ ಬಿರಿದು ಒಣಗಿತು. ನೀರು ಕೊಟ್ಟ ನಾಲ್ಕು ಎಕರೆಯಲ್ಲಿ ಹೂ ಬಂತು, ಕಾಯಿ ಕಚ್ಚಿದ್ದು ಕಡಿಮೆ. ರೋಬಸ್ಟಾ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಅದಕ್ಕೆ ಗಾಳಿಯ ಜೊತೆ ಜೇನೂ ಬೇಕು. ಹೆಜ್ಜೇನು ಗೂಡು ಕಟ್ಟುತ್ತಿದ್ದ ಎತ್ತರದ ಮರಗಳನ್ನು ನಾವು ಕಡಿದು ವರ್ಷಗಳಾಗಿದ್ದವು. ನೋಡಿ, ಬೋರರ್‌ಗೆ ಹೆದರಿ ಗಿಡ ಬದಲಿಸಿದ್ದು, ಅದರ ಬೆಳಕಿಗೆ ಅಂತ ಮರ ಕಡಿದದ್ದು, ಕೊನೆಗೆ ಎಲ್ಲಿಗೆ ಬಂದು ಮುಟ್ಟಿತು.

ಅದೇ ವರ್ಷ ರೋಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲಿ ಬರ. ಅಲ್ಲಿಯ ರೈತರ ಬೆಳೆ ಒಣಗಿದ್ದಕ್ಕೆ ಇಲ್ಲಿ ಬೆಲೆ ಬಂತು. ನಮ್ಮ ನಷ್ಟ ಮುಚ್ಚಿಹೋಯಿತು ನಿಜ, ಆದರೆ ಇದನ್ನು ಅದೃಷ್ಟ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಬೆಲೆ ನೋಡಿ ಸುತ್ತಮುತ್ತ ಮತ್ತೆ ನೆರಳು ತೆಗೆಯುತ್ತಿದ್ದಾರೆ, ಇನ್ನೂ ನಾಲ್ಕು ಚೀಲ ಜಾಸ್ತಿ ಬರಲಿ ಅಂತ. ದಯವಿಟ್ಟು ನಿಲ್ಲಿಸಿ ಅಂತ ಕೈಮುಗಿದು ಕೇಳಬೇಕು ಅನ್ನಿಸುತ್ತದೆ.

ಏನು ಮಾಡಿದೆವು

ಜೀಪು ದಾರಿ ಮುಚ್ಚಿದೆವು. ಕುಸಿದ ಜಾಗದಲ್ಲಿ ಮತ್ತೆ ಕಾಫಿ ಹಾಕಬೇಕು ಅಂತ ದೊಡ್ಡಪ್ಪ ಎರಡು ವರ್ಷ ಹಟ ಮಾಡಿದರು, ಮುಕ್ಕಾಲು ಎಕರೆ ಬಿಡುವುದು ಸುಲಭವಲ್ಲ. ಕೊನೆಗೆ ಅಲ್ಲಿ ಬಿದಿರು, ಲಾವಂಚ ನೆಟ್ಟು ಬಿಟ್ಟೆವು. ಕಡಿದಾದ ಕಡೆಯ ತೊಟ್ಟಿಲುಗುಂಡಿ ಮುಚ್ಚಿಸಿ, ನೀರು ಬದಿಗೆ ಸರಾಗ ಹರಿದು ಹೋಗಲು ಚರಂಡಿ ಮಾಡಿಸಿದೆವು. ಇಳಿಜಾರು ಕಡಿಮೆ ಇರುವ ಕೆಳಗಿನ ಪಟ್ಟೆಯಲ್ಲಿ ಗುಂಡಿ ಹಾಗೇ ಇವೆ, ಅಲ್ಲಿ ಅವು ಬೇಕು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ "ನೀರು ಇಂಗಿಸಿ" ಅನ್ನುವ ಒಂದೇ ಮಾತನ್ನು ಎಲ್ಲ ಜಾಗಕ್ಕೂ ಹೇಳುವುದು ಮಲೆನಾಡಿನಲ್ಲಿ ಅಪಾಯ.

ನೆರಳು ವಾಪಸ್ ತರುವುದು ನಿಧಾನದ ಕೆಲಸ. ಮಳೆ ಹಿಡಿದ ಮೇಲೆ ಹಾಲುವಾಣದ ಗೂಟ ನೆಟ್ಟರೆ ಬೇಗ ಚಿಗುರುತ್ತದೆ, ಒಂದೆರಡು ವರ್ಷಕ್ಕೆ ಕೆಳಗಿನ ನೆರಳು ಸಿಗುತ್ತದೆ. ಅದರ ಆಸರೆಯಲ್ಲಿ ಹಲಸು, ಅತ್ತಿ, ಬಸರಿ, ನೇರಳೆ. ರೋಬಸ್ಟಾಕ್ಕೆ ಪೂರ್ತಿ ಕತ್ತಲೆ ಮಾಡುವ ಹಾಗಿಲ್ಲ, ಆದ್ದರಿಂದ ಎತ್ತರದ ಮರ ವಿರಳವಾಗಿ, ಮರಗಸಿ, ಅಂದರೆ ನೆರಳು ಮರದ ಕೊಂಬೆ ಸವರುವುದು, ಅಳತೆಯಲ್ಲಿ. ಮೊದಲು ಮರಗಸಿ ಅಂದರೆ ಬೋಳಿಸುವುದೇ ಆಗಿತ್ತು. ಸಿಲ್ವರ್ ಓಕ್‌ಗಳನ್ನು ಒಮ್ಮೆಗೇ ತೆಗೆಯಲಿಲ್ಲ, ಅವುಗಳ ಮೇಲೆ ಮೆಣಸಿದೆ. ಸತ್ತ ಬಳ್ಳಿಯ ಮರ ಮಾತ್ರ ತೆಗೆದು ಆ ಜಾಗಕ್ಕೆ ಊರಿನ ಮರ.

ನೀರಿಗೆ ಒಂದು ಹೊಂಡ ಮಾಡಿಸಿದೆವು, ಕೆಳಗಿನ ಸಮತಟ್ಟಿನಲ್ಲಿ. ಜುಲೈನಲ್ಲಿ ಉಕ್ಕಿ ಹರಿಯುವಾಗ ತುಂಬಿಸಿಕೊಳ್ಳುವುದು, ಮಾರ್ಚ್‌ನಲ್ಲಿ ಹಳ್ಳ ಮುಟ್ಟದಿರುವುದು. ಆರು ಎಕರೆಗೂ ಸಾಲುವುದಿಲ್ಲ, ನಾಲ್ಕಕ್ಕೆ ಒಂದು ಸಲ ಆಗುತ್ತದೆ. ಕಣದ ಒಂದು ಭಾಗಕ್ಕೆ ಪಾರದರ್ಶಕ ಶೀಟಿನ ಸೂರು ಹಾಕಿಸಿ, ಬದಿಯ ಎರಡು ತೋಟದವರ ಜೊತೆ ಹಂಚಿಕೊಂಡಿದ್ದೇವೆ. ಖರ್ಚೂ ಮೂರು ಪಾಲು.

ಯೂರಿಯಾ ಕಡಿಮೆ ಮಾಡಿದ್ದೇವೆ. ಮಣ್ಣಿನಲ್ಲಿ ಜಾಸ್ತಿಯಾದ ಯೂರಿಯಾದಿಂದ ಏಳುವ ನೈಟ್ರಸ್ ಆಕ್ಸೈಡ್, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಹಿಡಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಕಂತಿನಲ್ಲಿ ಕೊಟ್ಟರೆ ದುಡ್ಡೂ ಉಳಿಯುತ್ತದೆ. ಭಾರತದಲ್ಲಿ ತಲೆಗೆ ಬೀಳುವ ಇಂಗಾಲದ ಲೆಕ್ಕ ಪ್ರಪಂಚದ ಸರಾಸರಿಗಿಂತ ಕಡಿಮೆ. ಒಂಬತ್ತು ಎಕರೆಯವರ ಪಾಲು ಎಷ್ಟು ಅಂತ ಕೇಳಬಹುದು. ತೀರಾ ಚಿಕ್ಕದು. ಆದರೂ ನಮ್ಮ ಕೈಯಲ್ಲಿರುವುದು ಅದೊಂದೇ.

ಕೈಯಲ್ಲಿಲ್ಲದ್ದೂ ಇದೆ. ಮೆಣಸಿಗೆ ಹವಾಮಾನ ಆಧಾರದ ವಿಮೆ ಕಟ್ಟಿದ್ದೆವು. ಪರಿಹಾರ ಕೊಡುವುದು ಪಂಚಾಯಿತಿಯ ಮಳೆಮಾಪಕದ ಅಂಕಿ ನೋಡಿ. ಅದು ಇರುವುದು ಗುಡ್ಡದ ಆಚೆ ಬದಿ. ನಮ್ಮ ಕಡೆ ಹೊಡೆದ ಮಳೆ ಅಲ್ಲಿ ಬಿದ್ದೇ ಇರಲಿಲ್ಲ. ದೊಡ್ಡಪ್ಪನ ಪುಸ್ತಕ ತೋರಿಸಿದೆವು, ಅದಕ್ಕೆ ಬೆಲೆ ಇಲ್ಲ ಅಂದರು. ಮಲೆನಾಡಿನಲ್ಲಿ ಒಂದು ಗುಡ್ಡಕ್ಕೂ ಇನ್ನೊಂದಕ್ಕೂ ಮಳೆ ಬೇರೆ. ಹಳೆ ತೋಟಗಳ ಈ ಪುಸ್ತಕಗಳನ್ನು ಒಂದು ಕಡೆ ಸೇರಿಸಿ, ಪರೀಕ್ಷಿಸಿ, ವಿಮೆಗೂ ಮುನ್ಸೂಚನೆಗೂ ಬಳಸಬಾರದು ಯಾಕೆ?

ಘಟ್ಟ ಉಳಿಸುವ ವಿಷಯದಲ್ಲಿ 2011ರಲ್ಲಿ ಗಾಡ್ಗೀಳ್ ಸಮಿತಿ ವರದಿ ಬಂತು, 2013ರಲ್ಲಿ ಕಸ್ತೂರಿರಂಗನ್ ವರದಿ. ನಮ್ಮೂರಿನಲ್ಲಿ ಎರಡಕ್ಕೂ ವಿರೋಧ ಇತ್ತು, ಈಗಲೂ ಇದೆ. ಎಲ್ಲಿ ಒಕ್ಕಲೆಬ್ಬಿಸುತ್ತಾರೋ ಅನ್ನುವ ಹೆದರಿಕೆ ಸುಳ್ಳಲ್ಲ, ನಮ್ಮ ಮನೆಯಲ್ಲೂ ಆ ಹೆದರಿಕೆ ಇದೆ. ಆದರೆ 2024ರ ಜುಲೈನಲ್ಲಿ ಶಿರಾಡಿಯ ದೊಡ್ಡತಪ್ಪಲು ಹತ್ತಿರ ಮತ್ತೆ ಮಣ್ಣು ಬಂತು, ಎಡಕುಮೇರಿ, ಕಡಗರವಳ್ಳಿ ನಡುವೆ ರೈಲು ಹಳಿ ಅಡಿಯ ಮಣ್ಣು ಹೋಯಿತು. ಇಳಿಜಾರಿನಲ್ಲಿ ಎಷ್ಟು ಸೀಳಬಹುದು, ಎಲ್ಲಿ ಸೀಳಲೇಬಾರದು ಅನ್ನುವುದನ್ನಾದರೂ ಊರವರನ್ನು ಕೂರಿಸಿಕೊಂಡು ತೀರ್ಮಾನಿಸಬೇಕು. ಬೇರೆಯವರು ಬಂದು ಹೇಳುವುದಕ್ಕೆ ಮೊದಲು ನಾವೇ ಮಾಡಿಕೊಂಡರೆ ಇನ್ನೂ ಒಳ್ಳೆಯದು. ನಮ್ಮ ಹಳ್ಳದ ಐದು ತೋಟದವರು ಈಗ ಒಂದು ಮಾತಿಗೆ ಬಂದಿದ್ದಾರೆ: ಮೇ ತಿಂಗಳಲ್ಲಿ ಎಲ್ಲರೂ ಸೇರಿ ಚರಂಡಿ ಬಿಡಿಸುವುದು, ಮಾರ್ಚ್‌ನಲ್ಲಿ ಪಂಪು ಹಾಕುವ ದಿನ ಹಂಚಿಕೊಳ್ಳುವುದು, ಕೆಳಗಿನ ಮನೆಗಳಿಗೆ ನೀರು ಬಿಟ್ಟ ಮೇಲೆ ಉಳಿದದ್ದು ತೋಟಕ್ಕೆ. ಬರೆದು ಸಹಿ ಹಾಕಿದ್ದೇನೂ ಇಲ್ಲ. ಮೇಲಿನ ತೋಟದವರು ಇನ್ನೂ ಒಪ್ಪಿಲ್ಲ, ಹಳ್ಳ ಹುಟ್ಟುವುದು ಅವರ ಜಾಗದಲ್ಲೇ. ದೊಡ್ಡಮ್ಮ ಮುಂದಿನ ವಾರ ಅವರ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುತ್ತೇನೆ ಅಂದಿದ್ದಾರೆ, ಮಳೆ ಪುಸ್ತಕವನ್ನೂ ಕೊಂಡೊಯ್ಯುತ್ತಾರಂತೆ.